ಕೆರೆಯ ಏರಿ ಆಡುವ ಮಾತು

ಮನೆಯ ಗೋಡೆಯಲ್ಲಿ ಅಂಗೈಯಗಲದ ತೇವ ಕಂಡರೆ ಗೃಹಸ್ಥನಿಗೆ ನೆಮ್ಮದಿಯಿರುವುದಿಲ್ಲ. ಮರುದಿನವೇ ಗಾರೆಯವನನ್ನು ಕರೆಸುತ್ತಾನೆ. ಮಾಳಿಗೆಯ ಮೇಲೆ ನೀರು ಎಲ್ಲಿ ನಿಂತಿದೆ, ಕೊಳಾಯಿಯ ಕೀಲು ಎಲ್ಲಿ ಸಡಿಲಿದೆ ಎಂದು ಹುಡುಕಿಸುತ್ತಾನೆ. ಇದು ವಿವೇಕವೇ ಸರಿ. ಆದರೆ ಆ ಮನೆಯೇ ಒಂದು ದೊಡ್ಡ ಮಣ್ಣಿನ ಗೋಡೆಯ ಕೆಳಗೆ ನಿಂತಿದ್ದು, ಗೋಡೆಯ ಆಚೆ ನೂರಾರು ಎಕರೆಯ ನೀರು ಒತ್ತಿಕೊಂಡಿದ್ದರೆ, ಆ ಗೋಡೆಯ ತೇವವನ್ನು ನೋಡುವವರು ಯಾರು? ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಸಂಸಾರ ಹೂಡಿರುವ ಸಾವಿರಾರು ಕುಟುಂಬಗಳಿಗೆ ಈ ಪ್ರಶ್ನೆ ಸಂಬಂಧಿಸಿದ್ದಾಗಿದೆ. ಮಣ್ಣಿನ ಗೋಡೆಯೆಂದರೆ ಕೆರೆಯ ಏರಿ. ಏರಿಯು ಒಡೆಯುವ ಮುನ್ನ ಬಹುಮಟ್ಟಿಗೆ ತನ್ನ ಕಷ್ಟವನ್ನು ಹೇಳಿಕೊಳ್ಳುತ್ತದೆ. ಆ ಮಾತು ಸಣ್ಣದು. ಅದನ್ನು ಕೇಳಬಲ್ಲ ಕಿವಿ ಬೇಕು. ಅದು ಏನೆಂದು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಹೆಸರಿನಲ್ಲೇ ಕೆರೆಯುಳ್ಳ ಊರು

ಮಡಿವಾಳದ ಸೋಮೇಶ್ವರ ದೇವಾಲಯದ ಹೊರಗೋಡೆಗಳ ಮೇಲೆ ತಮಿಳು ಮತ್ತು ಗ್ರಂಥ ಲಿಪಿಗಳ ಶಾಸನಗಳಿವೆ. ಅವುಗಳಲ್ಲಿ ಹಳೆಯದು 1247ನೆಯ ಇಸವಿಯದು. ವೇಪ್ಪೂರಿನ, ಎಂದರೆ ಈಗಿನ ಬೇಗೂರಿನ, ನಿವಾಸಿಯೊಬ್ಬನು ವೆಂಗಳೂರಿನ ದೊಡ್ಡ ಕೆರೆಯ ಕೆಳಗಣ ಭೂಮಿಯನ್ನು ದಾನಮಾಡಿದ ಸಂಗತಿ ಅದರಲ್ಲಿದೆ. ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ ಮತ್ತೊಂದು ಶಾಸನವು ತಾವರೆಕೆರೆಯನ್ನು ಹೆಸರಿಸುತ್ತದೆ. ಕೆಂಪೇಗೌಡರು ಪೇಟೆ ಕಟ್ಟುವುದಕ್ಕೆ ಶತಮಾನಗಳ ಹಿಂದೆಯೇ ಈ ಪ್ರಾಂತದಲ್ಲಿ ಭೂಮಿಯನ್ನು ಗುರುತಿಸುತ್ತಿದ್ದುದು ಯಾವ ಕೆರೆಯ ಕೆಳಗೆ ಎಂಬ ಮಾತಿನಿಂದ. ಇಂದಿಗೂ ಜನರು ಬಿ. ಟಿ. ಎಂ. ಬಡಾವಣೆಯೆಂದು ಸಂಕ್ಷೇಪವಾಗಿ ಕರೆಯುವ ಹೆಸರಿನಲ್ಲಿ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಗ್ರಾಮಗಳು ಅಡಗಿವೆ.

ಮಡಿವಾಳದ ಕೆರೆ ಬೆಂಗಳೂರಿನ ದೊಡ್ಡ ಕೆರೆಗಳಲ್ಲೊಂದು. ಅದರ ವಿಸ್ತೀರ್ಣ 250 ಎಕರೆಗಳಿಗೂ ಮಿಗಿಲು. ಅದು ಒಂಟಿಯಾದ ಕೆರೆಯಲ್ಲ. ಮಡಿವಾಳದ ಹೆಚ್ಚಿನ ನೀರು ಅಗರದ ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ, ಬೆಳ್ಳಂದೂರಿನಿಂದ ವರ್ತೂರಿಗೆ, ವರ್ತೂರಿನಿಂದ ದಕ್ಷಿಣ ಪಿನಾಕಿನಿಗೆ ಸೇರತಕ್ಕದ್ದು. ಹೀಗೆ ಸರಪಣಿಯಂತೆ ಕೆರೆಗಳನ್ನು ಕೋದಿರುವುದರಿಂದ ಮೇಲಿನ ಕೆರೆಯ ಏರಿಗೆ ಕೇಡು ಬಂದರೆ ಕೆಳಗಿನ ಕೆರೆಯ ಏರಿಗೂ ಅಪಾಯವುಂಟು. ಮೊದಲು ಏರಿಗಳ ಕೆಳಗೆ ಇದ್ದುದು ಗದ್ದೆ ತೋಟಗಳು. ಏರಿ ಒಡೆದರೆ ಒಂದು ಫಸಲು ಹೋಗುತ್ತಿತ್ತು. ಈಗ ಆ ಅಚ್ಚುಕಟ್ಟಿನ ಬಹುಭಾಗದಲ್ಲಿ ಮನೆಗಳೂ ಅಂಗಡಿಗಳೂ ರಸ್ತೆಗಳೂ ಇವೆ. ನೆಲಮನೆಯಲ್ಲಿ ಮಲಗುವ ಮಕ್ಕಳಿದ್ದಾರೆ, ಮೆಟ್ಟಿಲು ಹತ್ತಲಾರದ ವೃದ್ಧರಿದ್ದಾರೆ. ಏರಿಯ ಎತ್ತರ ಹಿಂದಿನಷ್ಟೇ ಇದ್ದರೂ ಅದರ ಹೊಣೆ ಬಹಳವಾಗಿ ಹೆಚ್ಚಿದೆ.

ತಮಿಳಿನಲ್ಲಿ ಏರಿಯೆಂದರೆ ಕೆರೆಯೇ. ಕನ್ನಡದಲ್ಲಿ ಕೆರೆಯ ಕಟ್ಟೆ. ಈ ಪದದ ನಂಟಿನಲ್ಲಿ ಒಂದು ಸತ್ಯವಿದೆ. ಏರಿಯಿಲ್ಲದೆ ಕೆರೆಯಿಲ್ಲ.

ಏರಿಯು ನೀರನ್ನು ಹೇಗೆ ತಡೆಯುತ್ತದೆ?

ಮಣ್ಣಿನ ಏರಿಯು ತಾಮ್ರದ ಹಂಡೆಯಂತೆ ನೀರನ್ನು ಪೂರ್ತಿಯಾಗಿ ತಡೆಯುತ್ತದೆಯೆಂದು ಅನೇಕರು ಭಾವಿಸುವರು. ಹಾಗಲ್ಲ. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ನೀರು ಸದಾ ಒಳಹೊಗುತ್ತಿರುತ್ತದೆ. ಒಳ್ಳೆಯ ಏರಿಯಲ್ಲಿ ಆ ಪ್ರಯಾಣ ಬಹಳ ನಿಧಾನ. ಫ್ರಾನ್ಸ್ ದೇಶದ ದಿಜೋನ್ ಪಟ್ಟಣಕ್ಕೆ ಕುಡಿಯುವ ನೀರು ತಂದ ಇಂಜಿನಿಯರ್ ಆನ್ರಿ ಡಾರ್ಸಿ ಎಂಬವರು 1856ರಲ್ಲಿ ಮರಳಿನ ಮೂಲಕ ನೀರು ಇಳಿಯುವುದನ್ನು ಅಳೆದು ಒಂದು ನಿಯಮವನ್ನು ಪ್ರಕಟಿಸಿದರು. ಎರಡು ಕಡೆಯ ನೀರಿನ ಮಟ್ಟಗಳ ಅಂತರ ಹೆಚ್ಚಿದಷ್ಟೂ ಹರಿವು ಹೆಚ್ಚು. ನೀರು ಸಾಗುವ ದಾರಿ ಉದ್ದವಾದಷ್ಟೂ ಹರಿವು ಕಡಿಮೆ. ನಮ್ಮ ಹಿರಿಯರು ಈ ಸೂತ್ರವನ್ನು ಓದಿರಲಿಲ್ಲ. ಆದರೆ ಏರಿಯ ಬುಡವನ್ನು ನೆತ್ತಿಗಿಂತ ಹಲವು ಪಟ್ಟು ಅಗಲವಾಗಿ ಕಟ್ಟಿದರು. ಬುಡ ಅಗಲವಾದರೆ ದಾರಿ ಉದ್ದವಾಗುತ್ತದೆ. ನೀರು ದಣಿದು ಆಚೆ ಬರುತ್ತದೆ.

ಆದಕಾರಣ ಏರಿಯ ಹಿಂಬದಿಯ ಬುಡದಲ್ಲಿ ತುಸು ತೇವವಿದ್ದ ಮಾತ್ರಕ್ಕೆ ಗಾಬರಿಗೊಳ್ಳಬೇಕಾದುದಿಲ್ಲ. ಭಯಕ್ಕೆ ಕಾರಣವಾದುದು ಬೇರೆ. ಒಸರುವ ನೀರು ತನ್ನೊಡನೆ ಮಣ್ಣಿನ ಕಣಗಳನ್ನು ಹೊತ್ತು ತರಲು ಮೊದಲಾದರೆ ಏರಿಯೊಳಗೆ ಒಂದು ಸಣ್ಣ ಕೊಳವೆ ಮೂಡುತ್ತದೆ. ಅದು ಹೊರಬದಿಯಲ್ಲಿ ಆರಂಭವಾಗಿ ಕೆರೆಯ ಕಡೆಗೆ ಹಿಂದುಹಿಂದಕ್ಕೆ ಕೊರೆಯುತ್ತ ಹೋಗುತ್ತದೆ. ಕೊರೆದಷ್ಟೂ ನೀರಿನ ದಾರಿ ಕಿರಿದಾಗುತ್ತದೆ. ದಾರಿ ಕಿರಿದಾದಷ್ಟೂ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಷ್ಟೂ ಮಣ್ಣು ಹೆಚ್ಚು ಹೋಗುತ್ತದೆ. ಇದನ್ನು ಒಳಕೊರೆತವೆನ್ನಬಹುದು. ಲೋಕದಲ್ಲಿ ಒಡೆದ ದೊಡ್ಡ ಮಣ್ಣಿನ ಅಣೆಕಟ್ಟುಗಳ ಲೆಕ್ಕವನ್ನು ಪರೀಕ್ಷಿಸಿದವರು ಕಂಡುದೇನೆಂದರೆ, ಸುಮಾರು ಅರ್ಧದಷ್ಟು ನೀರು ನೆತ್ತಿಯ ಮೇಲೆ ಹರಿದು ಹಾಳಾದುವು. ಉಳಿದವುಗಳಲ್ಲಿ ಬಹುಪಾಲು ಒಳಕೊರೆತದಿಂದ ಹಾಳಾದುವು.

ನೀರುಗಂಟಿಯ ಕಣ್ಣು

ಈ ಜ್ಞಾನ ನಮ್ಮಲ್ಲಿ ಹೊಸದಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರನು ಈಗಿನ ಕಡಪ ಪ್ರಾಂತದ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಯ 6 ದೋಷಗಳನ್ನೂ ಎಣಿಸಿ ಹೇಳಿದೆ. ಆ ಆರರಲ್ಲಿ ಮೊದಲು ಬರುವ ದೋಷವೇ ಕಟ್ಟೆಯಿಂದ ನೀರು ಒಸರುವುದು. ಸವುಳು ನೆಲ, ಎರಡು ರಾಜ್ಯಗಳ ಗಡಿ ಮೊದಲಾದವು ಅನಂತರದವು.

ಕೆರೆ ಕಟ್ಟಿಸಿದವರು ಅದನ್ನು ಕಾಯುವ ಏರ್ಪಾಡನ್ನೂ ಮಾಡುತ್ತಿದ್ದರು. ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ ಎಂಬ ಮಾತುಗಳು ಕನ್ನಡ ನಾಡಿನ ಶಾಸನಗಳಲ್ಲಿ ಮೇಲಿಂದ ಮೇಲೆ ಬರುತ್ತವೆ. ಇವೆಲ್ಲ ಕೆರೆಯನ್ನು ಕಟ್ಟಿದವರಿಗೂ ದುರಸ್ತಿಯಲ್ಲಿ ಇರಿಸಿದವರಿಗೂ ಬಿಟ್ಟುಕೊಟ್ಟ ಭೂಮಿಯ ಅಥವಾ ಆದಾಯದ ಹೆಸರುಗಳು. ಊರಿನಲ್ಲಿ ನೀರುಗಂಟಿಯೆಂಬವನಿದ್ದನು. ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸವೆಂದು ಎಲ್ಲರೂ ಬಲ್ಲರು. ತೂಬನ್ನು ತೆಗೆಯಲೂ ಮುಚ್ಚಲೂ ಅವನು ಏರಿಯ ಮೇಲೆ ನಡೆದಾಡುತ್ತಿದ್ದುದರಿಂದ ಏರಿಯ ಕಾವಲುಗಾರನೂ ಅವನೇ ಆಗಿದ್ದನು. ನಿನ್ನೆ ಒಣಗಿದ್ದ ಜಾಗ ಇಂದು ಹಸಿಯಾಗಿದ್ದರೆ ಅವನಿಗೆ ತಿಳಿಯುತ್ತಿತ್ತು. ಕೆರೆ ತುಂಬಿ ಕೋಡಿ ಹರಿದ ದಿನ ಗಂಗಮ್ಮನ ಪೂಜೆಯಾಗುತ್ತಿತ್ತು, ಬಾಗಿನ ಬಿಡುತ್ತಿದ್ದರು. ಊರಿಗೆ ಊರೇ ಏರಿಯ ಮೇಲೆ ನೆರೆಯುತ್ತಿತ್ತು. ಏರಿಗೆ ಅತ್ಯಂತ ಭಾರ ಬಿದ್ದ ದಿನವೇ ಅದರ ಮೇಲೆ ನೂರು ಕಣ್ಣುಗಳು ಬೀಳುತ್ತಿದ್ದುವೆಂಬುದನ್ನು ವಾಚಕರು ಗಮನಿಸಬೇಕು. ಬೇಸಗೆಯಲ್ಲಿ ಕೆರೆ ಬತ್ತಿದಾಗ ರೈತರು ಗೋಡು ಹೊಡೆಯಲು ಇಳಿಯುತ್ತಿದ್ದರು. ಆಗ ಏರಿಯ ಒಳಮೈ ಬುಡದವರೆಗೂ ಕಾಣಿಸುತ್ತಿತ್ತು.

ಬೆಂಗಳೂರಿಗೆ 1894ರಲ್ಲಿ ಹೆಸರಘಟ್ಟದಿಂದಲೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ 1974ರಲ್ಲಿ ಕಾವೇರಿಯಿಂದಲೂ ಕೊಳಾಯಿ ನೀರು ಬಂದಿತು. ಇದು ನಗರಕ್ಕೆ ಮಹೋಪಕಾರವೇ. ಆದರೆ ನೀರಿಗಾಗಿ ಕೆರೆಯ ಮುಖ ನೋಡುವ ಅಗತ್ಯ ತಪ್ಪಿದಂತೆ ಏರಿಯ ಮೇಲಣ ಕಣ್ಣೂ ತಪ್ಪಿತು. ಗದ್ದೆ ಹೋದ ಮೇಲೆ ನೀರುಗಂಟಿಯೂ ಹೋದನು. ಇನ್ನೊಂದು ವ್ಯತ್ಯಾಸವೂ ಆಯಿತು. ನಗರದ ಬಳಸಿದ ನೀರು ಸೇರುವ ಕೆರೆಗಳು ಈಗ ಬೇಸಗೆಯಲ್ಲಿಯೂ ಬತ್ತುವುದಿಲ್ಲ. ಏರಿಗೆ ವರ್ಷದ ಹನ್ನೆರಡು ತಿಂಗಳೂ ಬಿಡುವಿಲ್ಲದ ಕೆಲಸ. ಅದರ ಒಳಮೈಯನ್ನು ನೋಡಲು ಮೊದಲಿದ್ದ ಅವಕಾಶವೂ ಇಲ್ಲ.

ಏರಿಯನ್ನು ನೋಡುವ ಬಗೆ

ಈಗ ಏರಿಗಳ ಮೇಲೆ ಬೆಳಗಿನಲ್ಲಿಯೂ ಸಂಜೆಯಲ್ಲಿಯೂ ನಡೆದಾಡುವವರು ಗೃಹಸ್ಥರು. ಆರೋಗ್ಯಕ್ಕಾಗಿ ನಡೆಯುವವರು ನಡೆಯುತ್ತಲೇ ಏರಿಯನ್ನೂ ನೋಡಬಹುದು. ಇದಕ್ಕೆ ಇಂಜಿನಿಯರ್ ಆಗಬೇಕಾದುದಿಲ್ಲ. ನೋಡತಕ್ಕ ಕಾಲ ಮುಖ್ಯವಾಗಿ ನಾಲ್ಕು: ಮುಂಗಾರಿಗೆ ಮುಂಚೆ, ದೊಡ್ಡ ಮಳೆ ಬಿದ್ದ ಮಾರನೆಯ ಬೆಳಗ್ಗೆ, ಕೋಡಿ ಹರಿಯುತ್ತಿರುವಾಗ, ಹಿಂಗಾರು ಮುಗಿದ ಮೇಲೆ. ಸೂರ್ಯನು ಕೆಳಗಿರುವ ಹೊತ್ತು ಉತ್ತಮ. ಓರೆಬೆಳಕಿನಲ್ಲಿ ಸಣ್ಣ ತಗ್ಗೂ ನೆರಳು ಬೀರುತ್ತದೆ; ಒದ್ದೆ ನೆಲ ಹೊಳೆಯುತ್ತದೆ.

ಮೊದಲು ಏರಿಯ ನೆತ್ತಿಯನ್ನು ನೋಡಬೇಕು. ಒಂದು ತುದಿಯಲ್ಲಿ ನಿಂತು ಅಂಚಿನ ಕಲ್ಲಿನ ಸಾಲನ್ನೋ ಕಂಬಿಯ ಬೇಲಿಯನ್ನೋ ಕಣ್ಣಳತೆಯಿಂದ ನೋಡಿದರೆ ಅದು ನೇರವಾಗಿ ಸಾಗಬೇಕು. ಎಲ್ಲಾದರೂ ಬಳುಕಿದ್ದರೆ, ಕೆಳಗಿಳಿದಿದ್ದರೆ, ಅಲ್ಲಿ ಮಣ್ಣು ಸರಿದಿದೆಯೆಂದು ತಿಳಿಯಬೇಕು. ನೆತ್ತಿಯಲ್ಲಿ ಒಂದು ತಗ್ಗಿದ್ದರೆ ಪ್ರವಾಹದ ದಿನ ಕೆರೆಯ ನೀರು ಮೊದಲು ಹುಡುಕುವುದು ಆ ತಗ್ಗನ್ನೇ. ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹರಿದರೆ ಕೆಲವೇ ಗಂಟೆಗಳಲ್ಲಿ ಅದನ್ನು ಕಡಿದುಹಾಕಬಲ್ಲುದು. ಬಿರುಕುಗಳಲ್ಲಿ ಎರಡು ವಿಧ. ಏರಿಯ ಉದ್ದಕ್ಕೆ ಓಡುವ ಬಿರುಕು ಒಂದು ಪಕ್ಕ ಜಾರಲು ಸಿದ್ಧವಾಗಿರುವುದನ್ನು ಸೂಚಿಸಬಹುದು. ಅಡ್ಡಲಾಗಿ, ಕೆರೆಯ ಕಡೆಯಿಂದ ಊರಿನ ಕಡೆಗೆ, ಓಡುವ ಬಿರುಕು ನೀರಿಗೆ ನೇರವಾದ ಬಾಗಿಲು. ಅದು ಹೆಚ್ಚು ಅಪಾಯಕರ. ಬಿಸಿಲಿಗೆ ಮೇಲ್ಮಣ್ಣು ಒಣಗಿ ಬಿರಿಯುವುದೂ ಉಂಟು. ಎರಡಕ್ಕೂ ಭೇದ ತಿಳಿಯಬೇಕಾದರೆ ಬಿರುಕಿನ ಆಚೆ ಈಚೆ ಎರಡು ಗೂಟಗಳನ್ನು ನೆಟ್ಟು ನಡುವಣ ಅಂತರವನ್ನು ವಾರಕ್ಕೊಮ್ಮೆ ಅಳೆಯತಕ್ಕದ್ದು. ಅಂತರ ಬೆಳೆಯುತ್ತಿದ್ದರೆ ಅದು ಬಿಸಿಲಿನ ಬಿರುಕೆಂದು ಸುಮ್ಮನಿರಲಾಗದು.

ಅನಂತರ ಒಳಮೈ. ಇಲ್ಲಿ ಅಲೆಗಳ ಹೊಡೆತಕ್ಕಾಗಿ ಕಲ್ಲು ಹೊದಿಸಿರುತ್ತಾರೆ. ಕಲ್ಲುಗಳು ಕಿತ್ತುಬಂದಿವೆಯೆ, ಕೆಳಗಣ ಮಣ್ಣು ತೊಳೆದುಹೋಗಿ ಮೆಟ್ಟಿಲಿನಂತೆ ಕಡಿದಿದೆಯೆ, ನೋಡಬೇಕು. ಕೆರೆಯ ನೀರಿನ ಮೇಲೆ ಏರಿಯ ಹತ್ತಿರ ಸುಳಿ ಸುತ್ತುತ್ತಿದ್ದರೆ ಅದನ್ನು ಸೋಜಿಗವೆಂದು ನೋಡಿ ಮುಂದೆ ಸಾಗಬಾರದು. ನೀರು ಎಲ್ಲಿಗೋ ಇಳಿಯುತ್ತಿದೆಯೆಂಬುದಕ್ಕೆ ಅದು ಗುರುತು.

ಹೊರಮೈಯಲ್ಲಿ ಹುಲ್ಲು ಚೆನ್ನಾಗಿ ಹಬ್ಬಿರುವುದು ಏರಿಗೆ ಹಿತ. ಮಳೆನೀರು ಮಣ್ಣನ್ನು ಕೊಚ್ಚದು. ಹುಲ್ಲಿಲ್ಲದ ಕಡೆ ಕೊರಕಲುಗಳು ಬೀಳುತ್ತವೆ. ಇಳಿಜಾರಿನ ಮೇಲುಭಾಗ ಕುಸಿದು ಕೆಳಭಾಗ ಹೊಟ್ಟೆಯಂತೆ ಉಬ್ಬಿದ್ದರೆ ಅಲ್ಲಿ ಮಣ್ಣು ಜಾರಲಾರಂಭಿಸಿದೆ. ನೆಟ್ಟಗಿದ್ದ ಬೇಲಿಯ ಕಂಬಗಳು ಇಳಿಜಾರಿನ ಕಡೆಗೆ ವಾಲಿರುವುದೂ ಇದೇ ಮಾತನ್ನು ಹೇಳುತ್ತದೆ. ಹೆಗ್ಗಣ, ಏಡಿ, ಮುಳ್ಳುಹಂದಿಗಳ ಬಿಲಗಳನ್ನು ಎಣಿಸಿಟ್ಟುಕೊಳ್ಳಬೇಕು. ಬಿಲವೊಂದು ಏರಿಯ ಮೈಯೊಳಗೆ ಐದಡಿ ಹೋದರೆ ಡಾರ್ಸಿಯವರ ಲೆಕ್ಕದಂತೆ ನೀರಿನ ದಾರಿ ಐದಡಿ ಕಿರಿದಾಯಿತು. ಗೆದ್ದಲಿನ ಹುತ್ತ ಹೊರಗೆ ಎತ್ತರವಾಗಿ ಕಂಡರೂ ಒಳಗೆ ಪೊಳ್ಳು. ಮರಗಳ ವಿಷಯದಲ್ಲಿ ಮನಸ್ಸು ಒಪ್ಪುವುದು ಕಷ್ಟ. ಏರಿಯ ಮೇಲಿನ ದೊಡ್ಡ ಮರ ತಂಪನ್ನು ಕೊಡುತ್ತದೆ. ಆದರೆ ಗಾಳಿಗೆ ಉರುಳಿದರೆ ಬೇರಿನೊಡನೆ ಗಾಡಿಗಟ್ಟಲೆ ಮಣ್ಣನ್ನು ಕಿತ್ತೊಯ್ಯುತ್ತದೆ. ಸತ್ತರೆ ಬೇರು ಕೊಳೆತು ಕೊಳವೆಯಾಗುತ್ತದೆ. ಹಾಗೆಂದು ಬೆಳೆದ ಮರವನ್ನು ಥಟ್ಟನೆ ಕಡಿಯುವುದೂ ತಪ್ಪು. ಕಡಿದ ಮರದ ಬೇರೂ ಕೊಳೆಯತಕ್ಕದ್ದೇ. ಹೊಸದಾಗಿ ಏರಿಯ ಮೇಲೆ ಗಿಡ ನೆಡದಿರುವುದು, ಹಳೆಯ ಮರಗಳನ್ನು ಬಲ್ಲವರ ವಿಚಾರಣೆಯಲ್ಲಿ ಇರಿಸುವುದು, ಇಷ್ಟು ಸಾಕು.

ಏರಿಯ ಬುಡವೇ ಅತ್ಯಂತ ಮುಖ್ಯವಾದ ಸ್ಥಳ. ಸುತ್ತಲ ಹುಲ್ಲು ಬೇಸಗೆಯಲ್ಲಿ ಒಣಗಿರುವಾಗ ಒಂದು ತುಂಡು ನೆಲ ಮಾತ್ರ ಹಚ್ಚಹಸುರಾಗಿದ್ದರೆ, ಅಥವಾ ಜೊಂಡು ಬೆಳೆದಿದ್ದರೆ, ಅಲ್ಲಿ ಒಸರು ಇದೆ. ನೆಲದಿಂದ ಬುಗ್ಗೆಯೆದ್ದು ಸುತ್ತಲೂ ಮರಳಿನ ಸಣ್ಣ ಬಳೆ ಕಟ್ಟಿದ್ದರೆ ಅದು ಗಂಭೀರವಾದ ಚಿಹ್ನೆ. ನೀರು ಕೆಳಗಿನಿಂದ ಮಣ್ಣನ್ನು ಎತ್ತಿ ತರುತ್ತಿದೆ. ಈಗ ಏರಿಯ ಬುಡಕ್ಕೆ ಅಂಟಿಕೊಂಡು ಮನೆಗಳಿರುವುದರಿಂದ ಕೆಲವು ಗುರುತುಗಳು ಮನೆಯೊಳಗೇ ಕಾಣಬಹುದು. ನೆಲಮಾಳಿಗೆಯಲ್ಲಿ ಕಾರಣವಿಲ್ಲದೆ ನೀರು ನಿಲ್ಲುವುದು, ಅಂಗಳದ ಕಲ್ಲು ಕುಸಿಯುವುದು, ಬೀದಿಯ ಒಂದು ಮೂಲೆ ಬಿಸಿಲಿನಲ್ಲಿಯೂ ಒಣಗದಿರುವುದು. ಇವೆಲ್ಲ ಒಡೆದ ಕೊಳಾಯಿಯಿಂದಲೂ ಒಳಚರಂಡಿಯಿಂದಲೂ ಆಗಬಹುದು. ವ್ಯತ್ಯಾಸವನ್ನು ಹೇಗೆ ತಿಳಿಯುವುದು? ಒಸರು ಕೆರೆಯ ಮಟ್ಟ ಏರಿದಾಗ ಹೆಚ್ಚಿ, ಇಳಿದಾಗ ಕಡಿಮೆಯಾಗುತ್ತಿದ್ದರೆ ಅದರ ತವರು ಕೆರೆಯೇ.

ತೂಬಿನ ಸುತ್ತ ವಿಶೇಷವಾಗಿ ನೋಡಬೇಕು. ಕಲ್ಲಿಗೂ ಮಣ್ಣಿಗೂ ಕೂಡುವ ಸಂದು ಏರಿಯ ಮರ್ಮಸ್ಥಾನ. ಅಲ್ಲಿ ಮಣ್ಣನ್ನು ಚೆನ್ನಾಗಿ ದಮ್ಮಸು ಮಾಡುವುದು ಕಷ್ಟ. 1961ರ ಜುಲೈ 12ರಂದು ಪುಣೆಯ ಬಳಿ ಪಾನಶೆತ್ ಅಣೆಕಟ್ಟು ಒಡೆದಾಗ ಮೊದಲು ಕುಸಿದುದು ನೀರು ಬಿಡುವ ಸುರಂಗದ ಮೇಲಣ ಮಣ್ಣು. ಕಡೆಯದಾಗಿ ಕೋಡಿ. ಕೋಡಿಯ ದಾರಿ ಕಸದಿಂದ, ಕಳೆಯಿಂದ, ಕಟ್ಟಡದಿಂದ ಕಿರಿದಾಗಿದ್ದರೆ ಏರಿ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ತಿಳಿನೀರೋ, ಕದಡಿದ ನೀರೋ?

ವಾಚಕರು ಮೇಲಿನದೆಲ್ಲವನ್ನೂ ಮರೆತರೂ ಇದೊಂದನ್ನು ಮರೆಯಬಾರದು. ಒಸರುವ ನೀರು ತಿಳಿಯಾಗಿದೆಯೋ ಕದಡಿದೆಯೋ? ಒಂದು ಗಾಜಿನ ಲೋಟದಲ್ಲಿ ಹಿಡಿದು ಕಿಟಕಿಯಲ್ಲಿ ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿರಿ. ತಳದಲ್ಲಿ ಮಣ್ಣು ಕೂರದಿದ್ದರೆ ಏರಿ ಬೆವರುತ್ತಿದೆಯೆನ್ನಬಹುದು. ಮಣ್ಣು ಕುಳಿತರೆ ಏರಿ ಕರಗುತ್ತಿದೆ. ಮರುದಿನ, ಮೂರನೆಯ ದಿನ, ಅದೇ ಜಾಗದ ನೀರನ್ನು ಹಿಡಿದು ಹೋಲಿಸಬೇಕು. ಒಸರು ಸಣ್ಣ ಧಾರೆಯಾಗಿದ್ದರೆ ಒಂದು ಸೇರಿನ ಪಾತ್ರೆ ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆದಿಡಬೇಕು. ಕೆರೆಯ ಮಟ್ಟ ಅಷ್ಟೇ ಇದ್ದು ಪಾತ್ರೆ ದಿನದಿನಕ್ಕೆ ಬೇಗ ತುಂಬುತ್ತಿದ್ದರೆ ಒಳಗೆ ದಾರಿ ದೊಡ್ಡದಾಗುತ್ತಿದೆ. ಇದ್ದಕ್ಕಿದ್ದಂತೆ ಒಸರು ನಿಂತರೂ ಸಂತೋಷಪಡಬಾರದು. ಅದು ಬೇರೆ ಕಡೆ ದಾರಿ ಮಾಡಿಕೊಂಡಿರಬಹುದು.

ಅಮೆರಿಕದ ಐಡಹೊ ಸಂಸ್ಥಾನದ ಟೀಟನ್ ಅಣೆಕಟ್ಟಿನ ಕಥೆ ಇದಕ್ಕೆ ಸಾಕ್ಷಿ. ಅದು 300 ಅಡಿಗೂ ಎತ್ತರವಾದ, ಆಧುನಿಕ ಯಂತ್ರಗಳಿಂದ ಕಟ್ಟಿದ ಹೊಸ ಮಣ್ಣಿನ ಕಟ್ಟೆ. 1976ರಲ್ಲಿ ಮೊದಲ ಬಾರಿಗೆ ನೀರು ತುಂಬಿಸುತ್ತಿದ್ದರು. ಜೂನ್ 3ರಂದು ಕೆಳಗಣ ಕಣಿವೆಯಲ್ಲಿ ತಿಳಿನೀರಿನ ಒರತೆಗಳು ಕಂಡವು. ಜೂನ್ 5ರ ಬೆಳಗ್ಗೆ ಕದಡಿದ ನೀರು ಹೊರಬಂದಿತು. ಯಂತ್ರಗಳಿಂದ ಮಣ್ಣು ತಳ್ಳಿ ರಂಧ್ರವನ್ನು ಮುಚ್ಚಲು ಯತ್ನಿಸಿದರು. ಯಂತ್ರಗಳೇ ರಂಧ್ರಕ್ಕೆ ಬಿದ್ದುವು, ಚಾಲಕರು ಪ್ರಾಣ ಉಳಿಸಿಕೊಂಡರು. ಮಧ್ಯಾಹ್ನ 12 ಗಂಟೆಗೆ ಕೆಲವು ನಿಮಿಷಗಳಿರುವಾಗ ಕಟ್ಟೆ ಒಡೆಯಿತು. 11 ಮಂದಿ ಸತ್ತರು. ಕದಡಿದ ನೀರು ಕಂಡುದಕ್ಕೂ ಕಟ್ಟೆ ಒಡೆದುದಕ್ಕೂ ನಡುವೆ ಒಂದು ಬೆಳಗಿನ ಅವಕಾಶ ಮಾತ್ರವಿದ್ದಿತು.

ಮನುಷ್ಯನೇ ತೋಡುವ ಬಿಲ

ಹೆಗ್ಗಣಕ್ಕಿಂತ ದೊಡ್ಡ ಬಿಲವನ್ನು ತೋಡಬಲ್ಲವನು ಮನುಷ್ಯ. 2019ರ ನವೆಂಬರ್ 10ರ ಭಾನುವಾರ ಬೆಂಗಳೂರಿನ ಹೊಸಕೆರೆಹಳ್ಳಿಯ ಕೆರೆಯ ಏರಿ ಒಡೆಯಿತು. ಎರಡು ವಾರ ಕಳೆದು, ನವೆಂಬರ್ 24ರ ಭಾನುವಾರ, ಮಡಿವಾಳದಿಂದ ಕೆಲವೇ ಮೈಲಿಗಳ ದೂರದ ಹುಳಿಮಾವಿನ ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಹುಳಿಮಾವಿನಲ್ಲಿ ಏರಿಯ ಮೈಯನ್ನು ಅಗೆದುದೇ ಕಾರಣವೆಂದು ಆಗ ವರದಿಯಾಯಿತು. ಅಂದು ಮೇಘಸ್ಫೋಟವಾಗಲಿ ಭೂಕಂಪವಾಗಲಿ ಆಗಿರಲಿಲ್ಲ. ರಜಾದಿನದಲ್ಲಿ ಮನೆಯಲ್ಲಿದ್ದ ಸಂಸಾರಗಳ ಅಕ್ಕಿ, ಬಟ್ಟೆ, ಮಕ್ಕಳ ಪುಸ್ತಕ, ಕಾಗದಪತ್ರಗಳು ನೀರುಪಾಲಾದುವು.

ಇದರಿಂದ ಕಲಿಯತಕ್ಕ ಪಾಠ ಸ್ಪಷ್ಟವಾಗಿದೆ. ಏರಿಯ ಮೇಲೆ ಗುದ್ದಲಿಯೋ ಅಗೆಯುವ ಯಂತ್ರವೋ ಕಂಡರೆ, ಯಾರು, ಯಾವ ಇಲಾಖೆಯ ಅಪ್ಪಣೆಯಿಂದ, ಏನನ್ನು ಅಗೆಯುತ್ತಿದ್ದಾರೆಂದು ಕೇಳುವ ಹಕ್ಕು ಕೆಳಗೆ ವಾಸಿಸುವ ಪ್ರತಿಯೊಬ್ಬನಿಗೂ ಉಂಟು. ಕೊಳವೆ, ತಂತಿ, ಬೇಲಿಯ ಕಂಬ, ಯಾವುದಕ್ಕಾಗಿ ತೋಡಿದರೂ ತೋಡಿದ ಕಂದಕವನ್ನು ಸಡಿಲ ಮಣ್ಣಿನಿಂದ ಮುಚ್ಚಿಬಿಟ್ಟರೆ ನೀರು ಅದನ್ನು ಹುಡುಕಿ ಬರುತ್ತದೆ.

ಕಂಡಾಗ ಮಾಡತಕ್ಕದ್ದು

ಚಿಹ್ನೆ ಕಂಡರೆ ಮೊದಲ ಕೆಲಸ ಬರೆಯುವುದು. ದಿನ, ಹೊತ್ತು, ಸ್ಥಳ, ನೀರಿನ ಬಣ್ಣ, ಕೆರೆಯ ಮಟ್ಟ, ಇಷ್ಟನ್ನು ಬರೆದು ಒಂದು ಚಿತ್ರವನ್ನೂ ತೆಗೆದು ಕೆರೆಯ ಒಡೆತನದ ಇಲಾಖೆಗೆ ಕಳುಹಿಸಿ, ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು. ಬಾಯಿಮಾತಿನ ದೂರು ಮರೆತುಹೋಗುವುದು. ತಾರೀಖು ಹಾಕಿದ ಕಾಗದ ಮರೆಯದು.

ಎರಡನೆಯದು ತೀರ ಅವಶ್ಯವಾದ ಎಚ್ಚರಿಕೆ. ಹೊರಬದಿಯಲ್ಲಿ ಒಸರುವ ರಂಧ್ರವನ್ನು ಜೇಡಿಮಣ್ಣಿನಿಂದಲೋ ಸಿಮೆಂಟಿನಿಂದಲೋ ಬಿಗಿದು ಮುಚ್ಚಬಾರದು. ಮುಚ್ಚಿದರೆ ಏರಿಯೊಳಗೆ ನೀರಿನ ಒತ್ತಡ ಬೆಳೆದು ಇನ್ನೊಂದು ಕಡೆ ದೊಡ್ಡದಾಗಿ ಒಡೆಯುತ್ತದೆ. ಕಾಫಿಯ ಶೋಧಕವನ್ನು ನೆನೆಯಿರಿ; ಕಷಾಯ ಇಳಿಯುತ್ತದೆ, ಪುಡಿ ಮೇಲೆಯೇ ನಿಲ್ಲುತ್ತದೆ. ಏರಿಯ ಒಸರಿಗೂ ಅದೇ ಚಿಕಿತ್ಸೆ. ಒಸರಿನ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಕಲ್ಲು ಹರಡಿದರೆ ನೀರು ಹೊರಗೆ ಬರುತ್ತದೆ, ಮಣ್ಣು ಒಳಗೆ ಉಳಿಯುತ್ತದೆ. ಬುಗ್ಗೆಯ ಸುತ್ತ ಮರಳಿನ ಚೀಲಗಳನ್ನು ಉಂಗುರದಂತೆ ಪೇರಿಸಿ ಒಳಗೆ ಸ್ವಲ್ಪ ನೀರು ನಿಲ್ಲುವಂತೆ ಮಾಡಿದರೂ ಅದರ ಆವೇಗ ತಗ್ಗುತ್ತದೆ. ಜೇಡಿಮಣ್ಣಿಗೆ ಸ್ಥಾನವಿರುವುದು ಕೆರೆಯ ಕಡೆ, ನೀರು ಒಳಹೊಗುವಲ್ಲಿ. ಇವೆಲ್ಲ ಬಲ್ಲವರ ಮೇಲ್ವಿಚಾರಣೆಯಲ್ಲಿ ಆಗತಕ್ಕ ಕೆಲಸಗಳು. ಕೆರೆಯ ಮಟ್ಟವನ್ನು ಇಳಿಸಬೇಕಾದರೆ ತೂಬನ್ನು ಹದವಾಗಿ ತೆಗೆಯಬೇಕು. ತಟಕ್ಕನೆ ನೀರಿಳಿದರೆ ನೆನೆದ ಒಳಮೈ ಆಧಾರ ತಪ್ಪಿ ಜಾರುತ್ತದೆ.

ಮೂರನೆಯದು, ಕದಡಿದ ನೀರು ಹೆಚ್ಚುತ್ತಿದ್ದರೆ ದುರಸ್ತಿಗೆ ಮುಂಚೆ ಜನರನ್ನು ಎಬ್ಬಿಸಬೇಕು. 1963ರ ಡಿಸೆಂಬರ್ 14ರಂದು ಲಾಸ್ ಏಂಜಲೀಸ್ ನಗರದ ಬಾಲ್ಡ್‌ವಿನ್ ಹಿಲ್ಸ್ ಎಂಬಲ್ಲಿ ಜಲಾಶಯದ ಕಾವಲುಗಾರನು ಬೆಳಗ್ಗೆ 11 ಗಂಟೆ ದಾಟಿದ ಮೇಲೆ ನೀರು ಹರಿಯುವ ಅಸಹಜವಾದ ಸದ್ದನ್ನು ಕೇಳಿ ಮೇಲಿನವರಿಗೆ ತಿಳಿಸಿದನು. ಪೊಲೀಸರು ಮನೆಮನೆಗೆ ಹೋಗಿ ಸಾವಿರಕ್ಕೂ ಮಿಕ್ಕ ಜನರನ್ನು ಹೊರಡಿಸಿದರು. ಮಧ್ಯಾಹ್ನ 3 ಗಂಟೆ 38 ನಿಮಿಷಕ್ಕೆ ಕಟ್ಟೆ ಒಡೆಯಿತು. ನೂರಾರು ಮನೆಗಳು ನಾಶವಾದುವು. ಸತ್ತವರು ಐವರು. ಒಬ್ಬನ ಕಿವಿ ಉಳಿಸಿದ ಪ್ರಾಣಗಳನ್ನು ಲೆಕ್ಕಹಾಕುವುದು ಕಷ್ಟ.

ಗೃಹಸ್ಥರ ಪಾಲಿನ ಕೆಲಸ

ಭಾರತದಲ್ಲಿ 2021ರಲ್ಲಿ ಅಣೆಕಟ್ಟುಗಳ ಸುರಕ್ಷಾ ಅಧಿನಿಯಮವಾಗಿದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ, ಪ್ರವಾಹ ಭೂಕಂಪಗಳಾದಾಗ ಮತ್ತೆ ಪರೀಕ್ಷೆ ನಡೆಯಬೇಕೆಂದು ಅದರ ವಿಧಿ. ಆದರೆ ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರವಾದ ಕಟ್ಟೆಗಳಿಗೆ, ಮತ್ತು ಕೆಲವು ನಿಬಂಧನೆಗಳಿಗೆ ಒಳಪಟ್ಟು 10ರಿಂದ 15 ಮೀಟರಿನವುಗಳಿಗೆ. ಊರೊಳಗಣ ಕೆರೆಗಳ ಏರಿಗಳಲ್ಲಿ ಬಹುಪಾಲು ಈ ಅಳತೆಗೆ ಬಾರವು. ಏರಿ ಕುಳ್ಳಾಗಿರಬಹುದು, ಅದರ ಬುಡದಿಂದ ಹತ್ತು ಮಾರು ದೂರದಲ್ಲಿ ತೊಟ್ಟಿಲು ತೂಗುತ್ತಿರುವಾಗ ಅಪಾಯವು ಕುಳ್ಳಾದುದಲ್ಲ. ಕಾನೂನು ದೊಡ್ಡ ಕಟ್ಟೆಗಳಿಗೆ ಹೇಳಿದ ನಿಯಮವನ್ನು ಚಿಕ್ಕ ಏರಿಗಳ ಕೆಳಗೆ ವಾಸಿಸುವವರು ತಾವೇ ವ್ರತವಾಗಿ ಹಿಡಿಯುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಮಡಿವಾಳದ ಏರಿಯ ವಿಷಯದಲ್ಲಿ ಯಾರನ್ನೂ ಹೆದರಿಸುವುದು ನಮ್ಮ ಉದ್ದೇಶವಲ್ಲ. ಶತಮಾನಗಳಿಂದ ಕೆರೆಕಟ್ಟೆಗಳನ್ನು ಬಲ್ಲ ಪ್ರಾಂತವಿದು. ಆದರೆ ಹಳೆಯ ಏರಿಗಳು ಅಷ್ಟುಕಾಲ ನಿಂತುದು ಮಣ್ಣಿನ ಬಲದಿಂದ ಮಾತ್ರವೇ ಅಲ್ಲ. ತಲೆತಲಾಂತರವಾಗಿ ಅವುಗಳ ಮೇಲೆ ಯಾರೋ ನಡೆಯುತ್ತಿದ್ದರು, ನೋಡುತ್ತಿದ್ದರು, ಒಂದು ಬುಟ್ಟಿ ಮಣ್ಣನ್ನು ಸಕಾಲದಲ್ಲಿ ಹಾಕುತ್ತಿದ್ದರು. ಹತ್ತು ಮನೆಗಳು ಸೇರಿ ಒಂದು ಪುಸ್ತಕವನ್ನಿಟ್ಟು, ವಾರಕ್ಕೊಂದು ಮನೆಯವರು ಸರದಿಯಂತೆ ಏರಿಯನ್ನು ತುದಿಯಿಂದ ತುದಿಗೆ ನಡೆದು ಕಂಡುದನ್ನು ನಾಲ್ಕು ಸಾಲು ಬರೆದರೆ ಸಾಕು. ಮಕ್ಕಳನ್ನೂ ಕರೆದೊಯ್ಯಬಹುದು; ಅವರ ಕಣ್ಣು ಚುರುಕು. ಒಂದು ವರ್ಷ ಕಳೆಯುವಷ್ಟರಲ್ಲಿ ಯಾವ ಕಲ್ಲು ಎಲ್ಲಿದ್ದಿತು, ಯಾವ ಜಾಗ ಯಾವ ತಿಂಗಳಲ್ಲಿ ಹಸಿಯಾಗುತ್ತದೆ ಎಂಬುದು ಆ ಬೀದಿಗೆಲ್ಲ ಬಾಯಿಪಾಠವಾಗುವುದು. ನೀರುಗಂಟಿಯ ಕೆಲಸ ಹೀಗೆ ಮತ್ತೆ ಊರಿಗೆ ಮರಳುವುದಾದರೆ, ಏರಿಯ ಕೆಳಗೆ ಮಲಗುವವರು ಮಳೆಗಾಲದ ರಾತ್ರಿಗಳಲ್ಲಿ ನಿಶ್ಚಿಂತೆಯಿಂದ ಮಲಗಬಹುದು.